ಜನಸಂಖ್ಯೆ ಸೊನ್ನೆ, ಆದ್ರೂ ಊರಿಗೊಬ್ಬ ಮೇಯರ್



ಈ ವಾರದ ಕಥೆ ಶುರುವಾಗಿದ್ದು ಒಂದು ಎಕ್ಸೆಲ್ ಶೀಟ್‌ನಿಂದ. ನಾನು ಬಿ.ಕಾಂ. ಓದಿದೋನು. ಇತಿಹಾಸಕ್ಕೆ ಬಂದಿದ್ದು ಆಮೇಲೆ. ಆದ್ರೆ ಯಾವ ವಿಷಯ ಕೈಗೆ ಸಿಕ್ಕಿದ್ರೂ ಮೊದಲು ಅಂಕಿಗಳ ಕಡೆ ಕಣ್ಣು ಹೋಗುತ್ತೆ, ಆ ಚಾಳಿ ಬಿಟ್ಟಿಲ್ಲ. ಫ್ರಾನ್ಸ್ ಸರ್ಕಾರದ ಅಂಕಿಅಂಶ ಸಂಸ್ಥೆ ಇನ್ಸೀ ಅಂತ ಒಂದಿದೆ. ದೇಶದ ಪ್ರತಿಯೊಂದು ಊರಿನ ಜನಸಂಖ್ಯೆ ಎಷ್ಟು ಅನ್ನೋ ಪಟ್ಟಿಯನ್ನ ಅದು ಬಿಡುಗಡೆ ಮಾಡುತ್ತೆ. ಸುಮಾರು 35 ಸಾವಿರ ಸಾಲು. ಸುಮ್ಮನೆ ಕುತೂಹಲಕ್ಕೆ, ಅತಿ ಸಣ್ಣ ಊರು ಯಾವುದು ನೋಡೋಣ ಅಂತ ಕಮ್ಮಿಯಿಂದ ಜಾಸ್ತಿಗೆ ಸಾರ್ಟ್ ಮಾಡಿದೆ.

ಮೇಲೆ ಬಂದ ಆರು ಸಾಲುಗಳ ಎದುರು ಸೊನ್ನೆ ಇತ್ತು.

ಡೇಟಾ ಎಂಟ್ರಿ ತಪ್ಪು ಅಂದ್ಕೊಂಡೆ. ಜನರೇ ಇಲ್ಲ ಅಂದ್ಮೇಲೆ ಆ ಸಾಲು ಯಾಕಿರಬೇಕು? ಅಕೌಂಟ್ಸ್‌ನಲ್ಲಿ ವರ್ಷಗಟ್ಟಲೆ ಸೊನ್ನೆ ಬ್ಯಾಲೆನ್ಸ್ ಇರೋ ಖಾತೆಯನ್ನ ಕ್ಲೋಸ್ ಮಾಡ್ತೀವಿ. ಇಲ್ಲಿ ಯಾರೂ ಮಾಡಿಲ್ಲ. ಆಮೇಲೆ ಗಮನಿಸಿದ್ರೆ ಆರೂ ಊರು ಒಂದೇ ಜಿಲ್ಲೆಯವು. ಫ್ರಾನ್ಸ್‌ನ ಈಶಾನ್ಯ ಮೂಲೆಯ ಮ್ಯೂಸ್ ಅನ್ನೋ ಜಿಲ್ಲೆ. ಹಾಗಾದ್ರೆ ಇದು ತಪ್ಪಲ್ಲ, ಬೇಕೂಂತಲೇ ಇಟ್ಟಿದ್ದಾರೆ ಅಂತ ಗೊತ್ತಾಯ್ತು.

ಆ ಆರರಲ್ಲಿ ಒಂದರ ಹೆಸರು ಫ್ಲೂರಿ-ದವಾಂ-ದುವೊಮೋಂ. ಉಚ್ಚಾರಣೆ ಪೂರ್ತಿ ಸರಿ ಇಲ್ಲದಿದ್ರೆ ಫ್ರೆಂಚ್ ಬಲ್ಲವರು ಕ್ಷಮಿಸಿ. ದವಾಂ ಅಂದ್ರೆ ಎದುರಿಗೆ. ದುವೊಮೋಂ ಅನ್ನೋದು ಪಕ್ಕದ ಊರು. ಅಂದ್ರೆ 'ದುವೊಮೋಂ ಎದುರಿನ ಫ್ಲೂರಿ'. ಫ್ರಾನ್ಸ್‌ನಲ್ಲಿ ಫ್ಲೂರಿ ಹೆಸರಿನ ಊರುಗಳು ಬೇಕಾದಷ್ಟಿವೆ, ಹಾಗಾಗಿ ಗುರುತಿಗೆ ಈ ಬಾಲ. ಹೆಸರು ಕೇಳಿದ್ರೆ ಹೂವಿಗೆ ಸಂಬಂಧ ಇರಬೇಕು ಅನ್ಸುತ್ತೆ. ಆದ್ರೆ ಇಂಥ ಹೆಸರುಗಳಿಗೆ ವಿದ್ವಾಂಸರು ಕೊಡೋ ವಿವರಣೆ ಬೇರೆ. ರೋಮನ್ನರ ಕಾಲದಲ್ಲಿ ಫ್ಲೋರಸ್ ಅನ್ನೋ ಹೆಸರಿನವನ ಜಮೀನಿದ್ದ ಜಾಗ, ಅಷ್ಟೇ.

1911ರ ಜನಗಣತಿಯಲ್ಲಿ ಈ ಊರಲ್ಲಿ 422 ಜನ ಇದ್ರು. ಚರ್ಚ್, ಶಾಲೆ, ಬೇಕರಿ, ಕಮ್ಮಾರನ ಕುಲುಮೆ, ಕಾಫಿ-ದಿನಸಿ ಎರಡೂ ಸಿಗೋ ಅಂಗಡಿ, ಊರಾಚೆ ಒಂದು ಪುಟ್ಟ ರೈಲು ನಿಲ್ದಾಣ. ಸುತ್ತ ಹೊಲ. ವಿಶೇಷ ಏನೂ ಇಲ್ಲ. ಪ್ರವಾಸಿಗರು ಬರೋಂಥ ಅರಮನೆ ಇಲ್ಲ, ಯಾವ ರಾಜನೂ ಅಲ್ಲಿ ಹುಟ್ಟಿಲ್ಲ. ಯುದ್ಧ ನಡೀದೇ ಇದ್ದಿದ್ರೆ ಇವತ್ತು ಅದರ ಬಗ್ಗೆ ಎಪಿಸೋಡ್ ಮಾಡೋಕೆ ನನ್ನ ಹತ್ರ ಏನೂ ಇರ್ತಿರಲಿಲ್ಲ. ಇದನ್ನ ನೆನಪಲ್ಲಿಡಿ, ಮತ್ತೆ ಈ ಮಾತಿಗೆ ಬರ್ತೀನಿ.

ಈಗ ಮೊಬೈಲ್‌ನಲ್ಲಿ ಮ್ಯಾಪ್ ತೆಗೀರಿ. ಗಾಡಿ ಓಡಿಸ್ತಿದ್ರೆ ಬೇಡ, ಮನೆಗೆ ಹೋಗಿ ನೋಡಿ. ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 250 ಕಿಲೋಮೀಟರ್ ಹೋದ್ರೆ ವರ್ಡನ್ ಅನ್ನೋ ಪಟ್ಟಣ ಸಿಗುತ್ತೆ. ಪಟ್ಟಣದ ನಡುವೆ ಮ್ಯೂಸ್ ನದಿ ಹರಿಯುತ್ತೆ, ದಕ್ಷಿಣದಿಂದ ಉತ್ತರಕ್ಕೆ. ಅದು ಬೆಲ್ಜಿಯಂ, ನೆದರ್ಲೆಂಡ್ಸ್ ದಾಟಿ ಉತ್ತರ ಸಮುದ್ರ ಸೇರುತ್ತೆ. ನದಿಯ ಪೂರ್ವ ದಂಡೆಯಲ್ಲಿ ಸುಣ್ಣಕಲ್ಲಿನ ಗುಡ್ಡಗಳ ಸಾಲು. ಇದಕ್ಕೆ ಕೋತ್ ದ ಮ್ಯೂಸ್ ಅಂತಾರೆ. ಈ ಗುಡ್ಡಗಳ ಆಕಾರವೇ ನಮ್ಮ ಕಥೆಯ ಅರ್ಧ ಭಾಗ. ಪಶ್ಚಿಮಕ್ಕೆ, ಅಂದ್ರೆ ನದಿ ಕಡೆಗೆ, ಇಳಿಜಾರು ನಿಧಾನ. ಪೂರ್ವಕ್ಕೆ ಮಾತ್ರ ಕಡಿದಾಗಿ ಇಳಿಯುತ್ತೆ. ಅದರ ಬುಡದಿಂದ ವೋವ್ರ್ ಅನ್ನೋ ಜೇಡಿಮಣ್ಣಿನ ಬಯಲು ಶುರು. ಮಳೆ ಬಂದ್ರೆ ಕೆಸರೋ ಕೆಸರು.

ನೀವೊಬ್ಬ ಸೇನಾಧಿಕಾರಿ ಅಂದ್ಕೊಳ್ಳಿ. ಶತ್ರು ಪೂರ್ವದಿಂದ ಬರ್ತಾನೆ. ಕೆಸರಿನ ಬಯಲು ದಾಟಿ, ಕಡಿದಾದ ಗುಡ್ಡ ಹತ್ತಬೇಕು. ಮೇಲೆ ನಿಂತವನಿಗೆ ಮೈಲಿಗಟ್ಟಲೆ ಕಾಣುತ್ತೆ. ಕೋಟೆ ಕಟ್ಟೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಶತ್ರು ಪೂರ್ವದಿಂದಲೇ ಬರ್ತಾನೆ ಅಂತ ಫ್ರೆಂಚರಿಗೆ ಯಾಕೆ ಅಷ್ಟು ಖಾತ್ರಿ? 1870-71ರ ಯುದ್ಧದಲ್ಲಿ ಅವರು ಜರ್ಮನರಿಗೆ ಸೋತಿದ್ರು. ಆಲ್ಸಾಸ್ ಪ್ರಾಂತ್ಯ ಹೋಯ್ತು, ಲೊರೇನ್‌ನ ಒಂದು ಭಾಗವೂ ಹೋಯ್ತು, ಮೆಟ್ಸ್ ನಗರ ಜರ್ಮನಿಯ ಪಾಲಾಯ್ತು. ಗಡಿ ಸರಿದು ವರ್ಡನ್ ಹತ್ತಿರಕ್ಕೆ ಬಂತು. ಅಲ್ಲಿವರೆಗೆ ಒಳನಾಡಾಗಿದ್ದ ಊರುಗಳು ಗಡಿಯ ಊರುಗಳಾದ್ವು. ಸೆರೆ ದ ರಿವಿಯೇರ್ ಅನ್ನೋ ಸೇನಾ ಎಂಜಿನಿಯರ್ ಮುಂದಾಳತ್ವದಲ್ಲಿ ಗಡಿಯುದ್ದಕ್ಕೂ ಕೋಟೆಗಳನ್ನ ಕಟ್ಟೋ ಕೆಲಸ ಶುರುವಾಯ್ತು. ವರ್ಡನ್ ಸುತ್ತಲ ಗುಡ್ಡಗಳ ಮೇಲೆ ಒಂದಾದ ಮೇಲೊಂದು ಕೋಟೆ ಎದ್ವು: ಸೂವಿಲ್, ವೋ, ಫ್ರ್ವಾದ್‌ತೇರ್, ಎಲ್ಲಕ್ಕಿಂತ ದೊಡ್ಡದು ದುವೊಮೋಂ.

ಫ್ಲೂರಿ ಎಲ್ಲಿತ್ತು? ದುವೊಮೋಂ ಕೋಟೆಗೂ ಸೂವಿಲ್ ಕೋಟೆಗೂ ಮಧ್ಯದ ಏರಿನ ಮೇಲೆ. ರೈತರು ನೂರಾರು ವರ್ಷದ ಹಿಂದೆ ಹೊಲ, ನೀರು, ಗಾಳಿ ನೋಡಿ ಆರಿಸಿಕೊಂಡ ಜಾಗ, ಈಗ ನಕ್ಷೆಯಲ್ಲಿ ಎರಡು ಕೋಟೆಗಳ ನಡುವಿನ ಮೆಟ್ಟಿಲಾಯ್ತು. ಉತ್ತರದಿಂದ ಬಂದವನು ವರ್ಡನ್‌ಗೆ ಇಳೀಬೇಕಾದ್ರೆ ಆ ಏರಿನ ಮೇಲೇ ಹಾದು ಹೋಗಬೇಕು.

1916ರ ಫೆಬ್ರವರಿ 21. ಬೆಳಗ್ಗೆ ಏಳೂ ಕಾಲಿನ ಹೊತ್ತಿಗೆ ಜರ್ಮನ್ ಫಿರಂಗಿಗಳು ಶುರು ಹಚ್ಚಿದ್ವು. ಮೊದಲ ದಿನವೇ ಸುಮಾರು ಹತ್ತು ಲಕ್ಷ ಶೆಲ್ ಬಿತ್ತು ಅಂತ ಲೆಕ್ಕ ಹೇಳ್ತಾರೆ. ಚಳಿಗಾಲ ಇನ್ನೂ ಮುಗಿದಿರಲಿಲ್ಲ. ಫ್ಲೂರಿ ಜನಕ್ಕೆ ಊರು ಬಿಡಿ ಅಂತ ಸೇನೆ ಆದೇಶ ಕೊಡ್ತು. ಅವರು ಅವತ್ತು ಏನೇನು ಹೊತ್ಕೊಂಡು ಹೋದ್ರು, ಏನು ಬಿಟ್ರು, ನಾವು ಊಹಿಸಬಹುದು ಅಷ್ಟೇ. ಯುದ್ಧ ಶುರುವಾಗಿ ಒಂದೂವರೆ ವರ್ಷ ಆಗಿತ್ತು, ಫಿರಂಗಿ ಸದ್ದು ಅವರಿಗೆ ಹೊಸದಲ್ಲ. ಸ್ವಲ್ಪ ದಿನ ಬಿಟ್ಟು ವಾಪಸ್ ಬರೋಣ ಅಂದ್ಕೊಂಡೇ ಬೀಗ ಹಾಕಿರ್ತಾರೆ.

ನಾಲ್ಕೇ ದಿನಕ್ಕೆ, ಫೆಬ್ರವರಿ 25ಕ್ಕೆ, ದುವೊಮೋಂ ಕೋಟೆ ಬಿತ್ತು. ಇದು ಫ್ರಾನ್ಸ್ ಇವತ್ತಿಗೂ ಮುಜುಗರಪಡೋ ಕಥೆ. ಅಷ್ಟು ದೊಡ್ಡ ಕೋಟೆಯ ಫಿರಂಗಿಗಳಲ್ಲಿ ಬಹುಪಾಲನ್ನ 1915ರಲ್ಲೇ ಬೇರೆ ಕಡೆ ಸಾಗಿಸಿದ್ರು. ಒಳಗೆ ಕಾವಲಿಗೆ ಸ್ವಲ್ಪ ಜನ ಮಾತ್ರ ಇದ್ರು. ಬೆರಳೆಣಿಕೆಯಷ್ಟು ಜರ್ಮನ್ ಸೈನಿಕರು ಒಳಗೆ ನುಗ್ಗಿ ಹೆಚ್ಚುಕಮ್ಮಿ ಗುಂಡು ಹಾರಿಸದೆ ಅದನ್ನ ಹಿಡಿದ್ರು.

ಆಮೇಲೆ ಬಂದದ್ದು ಜೂನ್. ಜೂನ್ 22ರ ರಾತ್ರಿ ಜರ್ಮನರು ಡೈಫಾಸ್ಜೀನ್ ವಿಷಾನಿಲ ತುಂಬಿದ ಶೆಲ್‌ಗಳನ್ನ ಸುರಿಸಿದ್ರು. ಮಾರನೇ ಬೆಳಗ್ಗೆ ದೊಡ್ಡ ದಾಳಿ. ಫ್ಲೂರಿಯ ಹೆಚ್ಚಿನ ಭಾಗ ಅವರ ಕೈಗೆ ಹೋಯ್ತು. ಜುಲೈ 11-12ಕ್ಕೆ ಇನ್ನೊಂದು ದಾಳಿ, ಅವರು ಸೂವಿಲ್ ಕೋಟೆಯ ನೆತ್ತಿಯವರೆಗೂ ಬಂದು ಹಿಂದೆ ಸರಿದ್ರು. ವರ್ಡನ್ ಕಡೆಗೆ ಅವರು ಮುಟ್ಟಿದ ಕೊನೆಯ ಗೆರೆ ಅದು. ಅಲ್ಲಿ ಹತ್ತಿರದ ಕೂಡುರಸ್ತೆಯಲ್ಲಿ ಈಗ ಗಾಯಗೊಂಡು ಒರಗಿದ ಸಿಂಹದ ಪ್ರತಿಮೆ ಇದೆ. ಜೂನ್ 23ರಿಂದ ಆಗಸ್ಟ್ 18ರ ತನಕ ಫ್ಲೂರಿ 16 ಸಲ ಕೈ ಬದಲಾಯಿಸ್ತು. ನಾನು ಲೆಕ್ಕ ಹಾಕಿದೆ. ಸರಾಸರಿ ಮೂರೂವರೆ ದಿನಕ್ಕೊಂದು ಸಲ. ಸೋಮವಾರ ಜರ್ಮನ್, ಗುರುವಾರ ಫ್ರೆಂಚ್, ಮತ್ತೆ ಸೋಮವಾರ ಜರ್ಮನ್. ಕೊನೆಗೆ ಆಗಸ್ಟ್ 18ರಂದು ಫ್ರೆಂಚ್ ಸೇನೆಯ ಮೊರಾಕ್ಕೋ ವಸಾಹತು ಪದಾತಿ ರೆಜಿಮೆಂಟ್ ಅದನ್ನ ಶಾಶ್ವತವಾಗಿ ಹಿಡೀತು.

ಹಿಡಿದದ್ದು ಏನನ್ನ? ಅಷ್ಟೊತ್ತಿಗೆ ಅಲ್ಲಿ ಗೋಡೆ ಅನ್ನೋದು ಇರಲಿಲ್ಲ. ಬೀದಿ ಯಾವುದು, ಹಿತ್ತಲು ಯಾವುದು ಗೊತ್ತಾಗ್ತಿರಲಿಲ್ಲ. ಸುಣ್ಣಕಲ್ಲಿನ ಪುಡಿ, ಗುಂಡಿ, ಗುಂಡಿಯೊಳಗೆ ನೀರು, ನೀರೊಳಗೆ ಹೆಣ. ಡಿಸೆಂಬರ್‌ವರೆಗೆ ನಡೆದ ವರ್ಡನ್ ಕದನದಲ್ಲಿ ಎರಡೂ ಕಡೆಯಿಂದ ಸತ್ತವರು ಸುಮಾರು 3 ಲಕ್ಷ.

ಯುದ್ಧದ ಕಥೆ ಇಷ್ಟು ಸಾಕು. ಅದರ ಬಗ್ಗೆ ಸಿನಿಮಾಗಳಿವೆ, ಗೇಮ್‌ಗಳಿವೆ. ನನ್ನ ಕುತೂಹಲ ಇರೋದು ಆಮೇಲೆ ಬಂದ ಕಾಗದಪತ್ರಗಳಲ್ಲಿ.

1918ರ ನವೆಂಬರ್‌ನಲ್ಲಿ ಯುದ್ಧ ಮುಗೀತು. ಫ್ಲೂರಿಯ 422 ಜನರಲ್ಲಿ ಉಳಿದವರು ಎಲ್ಲೆಲ್ಲೋ ನಿರಾಶ್ರಿತರಾಗಿದ್ರು. ಸರ್ಕಾರದ ಮುಂದೆ ಒಂದು ಪ್ರಶ್ನೆ: ಇವರ ನಷ್ಟ ಯಾರು ಭರಿಸಬೇಕು? 1919ರ ಏಪ್ರಿಲ್ 17ರಂದು ಒಂದು ಕಾನೂನು ಬಂತು. ಯುದ್ಧದಲ್ಲಿ ಆಸ್ತಿ ಕಳ್ಕೊಂಡವರಿಗೆ ಪರಿಹಾರ ಅನ್ನೋದು ದಾನ ಅಲ್ಲ, ಹಕ್ಕು ಅಂತ ಅದು ಹೇಳ್ತು. 1914ರ ಬೆಲೆ ಹಿಡಿದು ನಷ್ಟ ಲೆಕ್ಕ ಹಾಕೋದು, ಮತ್ತೆ ಮನೆ ಕಟ್ಟೋಕೆ ಆ ದುಡ್ಡು ಹಾಕಿದ್ರೆ ಮೇಲೆ ಏರಿದ ವೆಚ್ಚವನ್ನೂ ಸೇರಿಸಿ ಕೊಡೋದು. ಆ ಕಾಲಕ್ಕೆ ನಿಜಕ್ಕೂ ದೊಡ್ಡ ಹೆಜ್ಜೆ.

ಆದ್ರೆ ಅದೇ ಕಾನೂನಲ್ಲಿ ಇನ್ನೊಂದು ಮಾತೂ ಇತ್ತು. ಯಾವುದಾದ್ರೂ ಜಮೀನನ್ನ ಸರಿಪಡಿಸೋ ಖರ್ಚು ಆ ಜಮೀನಿನ ಬೆಲೆಗಿಂತ ಜಾಸ್ತಿ ಆಗೋ ಹಾಗಿದ್ರೆ, ಸರ್ಕಾರ ಆ ಜಮೀನನ್ನೇ ಕೊಂಡ್ಕೋಬಹುದು. ಕಾಮರ್ಸ್ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ರಿಪೇರಿ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ ಆದ್ರೆ ಇನ್ಶೂರೆನ್ಸ್ ಕಂಪನಿ 'ಟೋಟಲ್ ಲಾಸ್' ಅಂತ ಬರೆದು ಚೆಕ್ ಕೊಟ್ಟು ಗಾಡಿ ತಗೊಂಡು ಹೋಗುತ್ತಲ್ಲ, ಅದೇ ತರ್ಕ. ಇಲ್ಲಿ ಗಾಡಿ ಬದಲು ಊರು.

ಅಧಿಕಾರಿಗಳು ನಕ್ಷೆಗೆ ಬಣ್ಣ ಹಚ್ಚಿದ್ರು. ಕಮ್ಮಿ ಹಾನಿಯಾದ ಜಾಗ ನೀಲಿ, ಮಧ್ಯಮ ಹಾನಿ ಹಳದಿ, ಸರಿಪಡಿಸೋಕೆ ಸಾಧ್ಯವೇ ಇಲ್ಲ ಅನ್ನೋದು ಕೆಂಪು. ಝೋನ್ ರೂಜ್, ಕೆಂಪು ವಲಯ. ಮೊದಲಿಗೆ ಇದು ಉತ್ತರ ಮತ್ತು ಈಶಾನ್ಯ ಫ್ರಾನ್ಸ್‌ನಲ್ಲಿ 1,200 ಚದರ ಕಿಲೋಮೀಟರ್‌ಗೂ ಜಾಸ್ತಿ ಇತ್ತು. ರೈತರು ಸುಮ್ಮನಿರಲಿಲ್ಲ. ಎಷ್ಟೋ ಕಡೆ ಅವರು ಹಟ ಹಿಡಿದು, ಅಧಿಕಾರಿಗಳ ಮಾತು ಕೇಳದೆ, ಗುಂಡಿ ಮುಚ್ಚಿ, ಶೆಲ್ ಹೊರಗೆ ತೆಗೆದು, ಜೀವ ಪಣಕ್ಕಿಟ್ಟು ಉಳುಮೆ ಶುರು ಮಾಡಿದ್ರು. ಅವರ ಒತ್ತಡದಿಂದ ಕೆಂಪು ವಲಯ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಯ್ತು.

ಫ್ಲೂರಿ ಸುತ್ತ ಮಾತ್ರ ಕೆಂಪು ಕೆಂಪಾಗಿಯೇ ಉಳೀತು. ಮಣ್ಣಿನಲ್ಲಿ ಸಿಡಿಯದ ಶೆಲ್‌ಗಳು, ವಿಷಾನಿಲದ ಶೆಲ್‌ಗಳು, ಮನುಷ್ಯರ ಮೂಳೆಗಳು. ನೇಗಿಲು ಹಾಕೋ ಹಾಗಿಲ್ಲ. ಸರ್ಕಾರ ಭೂಮಿ ಕೊಂಡ್ಕೊಳ್ತು, ಅರಣ್ಯ ಇಲಾಖೆಗೆ ಒಪ್ಪಿಸ್ತು. 1920ರ ದಶಕದ ಕೊನೆ, 30ರ ದಶಕದ ಶುರುವಿನಲ್ಲಿ ಗೋಧಿ ಹೊಲ ಇದ್ದ ಕಡೆಯೆಲ್ಲ ಪೈನ್ ಗಿಡ ನೆಟ್ರು. ಇವತ್ತು ಅದು ಸುಮಾರು 10 ಸಾವಿರ ಹೆಕ್ಟೇರ್‌ನ ವರ್ಡನ್ ಕಾಡು. ಸ್ಯಾಟಲೈಟ್ ವ್ಯೂನಲ್ಲಿ ನೋಡಿದ್ರೆ ಶುದ್ಧ ಹಸಿರು. ಈ ಕಾಡಿಗೆ ನೂರು ವರ್ಷದ ವಯಸ್ಸೂ ಇಲ್ಲ ಅಂತ ನೋಡಿದವರಿಗೆ ಅನ್ಸೋದಿಲ್ಲ.

ವರ್ಡನ್ ಸುತ್ತ ಹೀಗೆ ನಾಶವಾದ ಊರುಗಳು ಒಟ್ಟು ಒಂಬತ್ತು: ಬೋಮೋಂ, ಬೆಝೋಂವೋ, ಕ್ಯೂಮಿಯೇರ್, ದುವೊಮೋಂ, ಫ್ಲೂರಿ, ಓಮೋಂ, ಲೂವ್‌ಮೋಂ, ಓರ್ನ್, ವೋ. ಇವುಗಳಲ್ಲಿ ದುವೊಮೋಂ, ಓರ್ನ್, ವೋ ಈ ಮೂರರಲ್ಲಿ ಅಷ್ಟೋ ಇಷ್ಟೋ ಜನ ಮತ್ತೆ ನೆಲೆ ನಿಂತ್ರು. ಉಳಿದ ಆರರಲ್ಲಿ ಯಾರೂ ಇಲ್ಲ. ಎಕ್ಸೆಲ್ ಶೀಟ್‌ನ ಆರು ಸೊನ್ನೆಗಳು ಇವೇ.

ಇಲ್ಲಿವರೆಗೆ ಲೆಕ್ಕದ ಪುಸ್ತಕದ ಪ್ರಕಾರ ಎಲ್ಲ ಸರಿ ಇದೆ. ಆಸ್ತಿ ನಷ್ಟ, ಪರಿಹಾರ ಪಾವತಿ, ಖಾತೆ ಮುಕ್ತಾಯ. ಆದ್ರೆ ಫ್ರಾನ್ಸ್ ಆ ಕೊನೇ ಎಂಟ್ರಿಯನ್ನ ಹಾಕಲಿಲ್ಲ.

ಫ್ರಾನ್ಸ್‌ನಲ್ಲಿ ಊರಿಗೆ ಕಮ್ಯೂನ್ ಅಂತಾರೆ. 1789ರ ಕ್ರಾಂತಿಯ ಕಾಲದಲ್ಲೇ ಹುಟ್ಟಿದ ವ್ಯವಸ್ಥೆ. ನಮ್ಮಲ್ಲಿ ನಾಲ್ಕೈದು ಹಳ್ಳಿ ಸೇರಿ ಒಂದು ಗ್ರಾಮ ಪಂಚಾಯಿತಿ ಇರುತ್ತಲ್ಲ, ಹಾಗಲ್ಲ. ಅಲ್ಲಿ ಐವತ್ತು ಮನೆಯ ಹಳ್ಳಿಗೂ ಸ್ವಂತ ಮೇಯರ್, ಸ್ವಂತ ಕಚೇರಿ, ಸ್ವಂತ ಜನನ-ಮರಣದ ರಿಜಿಸ್ಟರ್. ಅಂಥ ದೇಶದಲ್ಲಿ ಊರನ್ನ ಪಟ್ಟಿಯಿಂದ ತೆಗೆಯೋದು ಅಂದ್ರೆ ಕಾಗದದ ಮೇಲೂ ಸಾಯಿಸಿದ ಹಾಗೆ. ಅದೇ 1919ರಲ್ಲಿ ಇನ್ನೊಂದು ಕಾನೂನು ಮಾಡಿದ್ರು. ನಾಶವಾದ ಊರುಗಳು ಕಮ್ಯೂನ್ ಆಗಿಯೇ ಮುಂದುವರಿಯಬೇಕು. ಓಟು ಹಾಕೋ ಜನ ಇಲ್ಲ, ಹಾಗಾಗಿ ಜಿಲ್ಲೆಯ ಪ್ರಿಫೆಕ್ಟ್, ನಮ್ಮ ಡಿ.ಸಿ. ಥರದವರು, ಮೂರು ಜನರ ಸಮಿತಿಯನ್ನ ನೇಮಕ ಮಾಡ್ತಾರೆ. ಅದರ ಅಧ್ಯಕ್ಷರಿಗೆ ಮೇಯರ್‌ನ ಅಧಿಕಾರ. ಸಮಾರಂಭದ ದಿನ ಮೇಯರ್‌ಗಳು ಹಾಕ್ಕೊಳ್ಳೋ ನೀಲಿ-ಬಿಳಿ-ಕೆಂಪು ಪಟ್ಟಿಯನ್ನ ಇವರೂ ಹಾಕ್ಕೊಳ್ತಾರೆ. ನೂರು ವರ್ಷ ದಾಟಿತು, ಈ ನೇಮಕ ನಡೀತಾನೇ ಇದೆ.

ಜೊತೆಗೆ ಒಂದು ಬಿರುದೂ ಸಿಕ್ತು. 'ಫ್ರಾನ್ಸ್‌ಗಾಗಿ ಸತ್ತದ್ದು'. ಯುದ್ಧದಲ್ಲಿ ಮಡಿದ ಸೈನಿಕನ ಹೆಸರಿನ ಮುಂದೆ ಬರೆಯೋ ಮಾತನ್ನ ಊರಿನ ಹೆಸರಿನ ಮುಂದೆ ಬರೆದ್ರು.

ಈ ಬಿರುದಿನ ಬಗ್ಗೆ ನನಗೆ ಎರಡು ಮನಸ್ಸಿದೆ, ಮುಚ್ಚುಮರೆ ಇಲ್ದೆ ಹೇಳ್ತೀನಿ. ಗೌರವ ಅನ್ನೋದೇನೋ ಸರಿ. ಆದ್ರೆ ಸೈನಿಕ ರಣರಂಗಕ್ಕೆ ಹೋಗಿರ್ತಾನೆ, ಕಡೇಪಕ್ಷ ಕಳಿಸಿರ್ತಾರೆ. ಊರು ಎಲ್ಲಿಗೂ ಹೋಗಿರಲಿಲ್ಲ. ಅದು ಇದ್ದ ಜಾಗದಲ್ಲೇ ಇತ್ತು. ಆಕಡೆ ಈಕಡೆ ಕೋಟೆ ಕಟ್ಟಿದ್ದು ಪ್ಯಾರಿಸ್‌ನವರು, ಶೆಲ್ ಹಾಕಿದ್ದು ಜರ್ಮನರು ಮತ್ತು ಫ್ರೆಂಚರು ಇಬ್ಬರೂ. ಫ್ಲೂರಿ ಜರ್ಮನರ ಕೈಲಿದ್ದಾಗ ಅದರ ಮೇಲೆ ಬಿದ್ದದ್ದು ಫ್ರೆಂಚ್ ಶೆಲ್‌ಗಳೇ ಅಲ್ವಾ? ನೀವು ದೇಶಕ್ಕಾಗಿ ಸಾಯ್ತೀರಾ ಅಂತ ಬೇಕರಿಯವನನ್ನ ಯಾರು ಕೇಳಿದ್ರು?

ನಮ್ಮಲ್ಲಿ ಹೊಸಬರು ಸಿಕ್ಕಿದ್ರೆ ಹೆಸರು ಕೇಳೋಕೂ ಮುಂಚೆ 'ಯಾವೂರಾಯ್ತು?' ಅಂತೀವಿ. 1930ರಲ್ಲಿ ಫ್ಲೂರಿಯವನೊಬ್ಬ ಬೇರೆ ಎಲ್ಲೋ ಬಾಡಿಗೆ ಮನೇಲಿದ್ದಾಗ ಪಕ್ಕದ ಮನೆಯವರು ಇದೇ ಪ್ರಶ್ನೆ ಕೇಳಿದ್ರೆ ಏನು ಹೇಳಿರ್ತಾನೆ? ಹೆಸರು ಹೇಳಿದ ತಕ್ಷಣ ಎಲ್ಲರಿಗೂ ಗೊತ್ತು, ಪೇಪರ್‌ನಲ್ಲಿ ಬಂದ ಊರು. ಹಬ್ಬಕ್ಕೆ ಹೋಗೋಕೆ ಮಾತ್ರ ಮನೆ ಇಲ್ಲ.

ಸರಿ, ಈಗ ಅಲ್ಲಿ ಹೋದ್ರೆ ಏನು ಕಾಣುತ್ತೆ? ನಾನು ಹೋಗಿಲ್ಲ. ವೀಸಾ, ಟಿಕೆಟ್ ಎಲ್ಲ ಸೇರಿ ನನ್ನ ಪಾಡ್‌ಕ್ಯಾಸ್ಟ್ ಆದಾಯಕ್ಕೆ ಅದು ಸದ್ಯಕ್ಕೆ ಆಗೋ ಮಾತಲ್ಲ. ಫೋಟೋ, ನಕ್ಷೆ, ವಿಡಿಯೋ, ಬರಹಗಳಿಂದ ತಿಳಿದದ್ದನ್ನೇ ಹೇಳ್ತೀನಿ. ಡಿ 913 ಅನ್ನೋ ರಸ್ತೆ ಪಕ್ಕ ಇಳಿದ್ರೆ ಮರಗಳ ನಡುವೆ ಹುಲ್ಲು ಕತ್ತರಿಸಿ ಮಾಡಿದ ಕಾಲುದಾರಿಗಳಿವೆ. ಹಿಂದೆ ಊರಿನ ಬೀದಿಗಳು ಎಲ್ಲಿದ್ವೋ ಅಲ್ಲೇ. ದಾರಿ ಪಕ್ಕ ಸಣ್ಣ ಗುರುತಿನ ಕಂಬಗಳು. ಒಂದರ ಮೇಲೆ 'ಬೇಕರಿ', ಇನ್ನೊಂದರ ಮೇಲೆ 'ಶಾಲೆ', 'ಕುಲುಮೆ', 'ಕಾಫಿ-ದಿನಸಿ ಅಂಗಡಿ', 'ರೈತನ ಮನೆ'. ಕಂಬದ ಹಿಂದೆ ನೋಡಿದ್ರೆ ಏನಿಲ್ಲ, ಗುಂಡಿ. ನೆಲ ಇವತ್ತಿಗೂ ಮಟ್ಟವಾಗಿಲ್ಲ. ಶೆಲ್ ಬಿದ್ದ ಗುಂಡಿಗಳ ಮೇಲೆ ಹುಲ್ಲು ಬೆಳೆದು, ಸಮುದ್ರದ ಅಲೆ ಹಸಿರಾಗಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತೆ.

ಚರ್ಚ್ ಇದ್ದ ಜಾಗದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ ಇದೆ. ನಾಶವಾದ ಊರುಗಳಲ್ಲೆಲ್ಲ ಇಂಥದ್ದೊಂದು ಕಟ್ಟಿದ್ರು, ಹಳೇ ಊರವರು ಬಂದಾಗ ಸೇರೋಕೆ ಒಂದು ಸೂರು ಇರಲಿ ಅಂತ. ಫ್ಲೂರಿಯದಕ್ಕೆ ಈಗ 'ಯುರೋಪಿನ ಮಾತೆ' ಅಂತ ಹೆಸರು. ಗುಂಡಿಗಳಲ್ಲಿ ನಿಂತ ನೀರಲ್ಲಿ ಹಳದಿ ಹೊಟ್ಟೆಯ ಅಪರೂಪದ ಕಪ್ಪೆಗಳು ಬದುಕ್ತಿವೆ. ಹಳೇ ಕೋಟೆಗಳ ಒಳಗೆ ಬಾವಲಿಗಳು. ಉಳುಮೆ ಇಲ್ಲ, ಕೀಟನಾಶಕ ಇಲ್ಲ, ಹಾಗಾಗಿ ಅವಕ್ಕೆ ನೆಮ್ಮದಿ.

ಹಳೇ ರೈಲು ನಿಲ್ದಾಣ ಇದ್ದಲ್ಲಿ ವರ್ಡನ್ ಸ್ಮಾರಕ ವಸ್ತುಸಂಗ್ರಹಾಲಯ ಇದೆ. ಮೋರಿಸ್ ಜೆನ್‌ವ್ವಾ ಅನ್ನೋ ಲೇಖಕ, ಸ್ವತಃ ಆ ಯುದ್ಧದಲ್ಲಿ ಹೋರಾಡಿ ಗಾಯಗೊಂಡವರು, ಮುಂದೆ ನಿಂತು ಕಟ್ಟಿಸಿದ್ದು. 1967ರಲ್ಲಿ ಶುರುವಾಯ್ತು. ಕದನದ ನೂರನೇ ವರ್ಷ 2016ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೀತು. ಅಲ್ಲಿಂದ ಸ್ವಲ್ಪ ದೂರದಲ್ಲೇ ದುವೊಮೋಂ ಅಸ್ಥಿಭವನ, 1932ರಲ್ಲಿ ಉದ್ಘಾಟನೆಯಾದದ್ದು. ಗುರುತು ಸಿಗದ ಸುಮಾರು 1,30,000 ಸೈನಿಕರ ಮೂಳೆಗಳು ಅದರೊಳಗಿವೆ. ಯಾರು ಫ್ರೆಂಚ್, ಯಾರು ಜರ್ಮನ್ ಅಂತ ಬೇರೆ ಮಾಡೋಕೆ ಆಗ್ಲಿಲ್ಲ, ಎಲ್ಲ ಒಟ್ಟಿಗೇ ಇಟ್ಟಿದ್ದಾರೆ. 1984ರಲ್ಲಿ ಫ್ರಾನ್ಸ್ ಅಧ್ಯಕ್ಷ ಮಿತ್ತರಾಂ ಮತ್ತು ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಕೋಲ್ ಕೈ ಕೈ ಹಿಡಿದು ನಿಂತ ಆ ಪ್ರಸಿದ್ಧ ಫೋಟೋ ಅಲ್ಲಿಯದೇ.

ಇಷ್ಟು ಸ್ಮಾರಕಗಳ ನಡುವೆ ನನಗೆ ಹೆಚ್ಚು ಕಾಡಿದ್ದು ಒಂದು ಚಿಕ್ಕ ಕಲ್ಲು. ಎರ್ದುವ್ಯಾಂ ಮತ್ತು ಮಿಯಾಂ ಅನ್ನೋ ಇಬ್ಬರು ಫ್ರೆಂಚ್ ಸೆಕೆಂಡ್ ಲೆಫ್ಟಿನೆಂಟ್‌ಗಳ ನೆನಪಿನದು. 347ನೇ ಪದಾತಿ ರೆಜಿಮೆಂಟಿನವರು. 1916ರ ಜೂನ್ ಮೊದಲ ಭಾಗದಲ್ಲಿ ಅವರ ರೆಜಿಮೆಂಟ್ ಹೆಚ್ಚುಕಮ್ಮಿ ನಿರ್ನಾಮ ಆಯ್ತು. ಉಳಿದ ಬೆರಳೆಣಿಕೆಯ ಸೈನಿಕರನ್ನ ಕರ್ಕೊಂಡು ಇವರಿಬ್ಬರು ಹಿಂದಕ್ಕೆ ವರ್ಡನ್‌ಗೆ ಬಂದ್ರು. ಆದೇಶ ಇಲ್ಲದೆ ಹಿಂದೆ ಸರಿದ್ರು ಅಂತ ಮೇಲಧಿಕಾರಿಗಳು ತೀರ್ಮಾನಿಸಿದ್ರು. ವಿಚಾರಣೆ ಇಲ್ಲ, ಕೋರ್ಟ್ ಇಲ್ಲ. ಜೂನ್ 11ರಂದು ಫ್ಲೂರಿ ಬಳಿ, ತಮ್ಮದೇ ಸೈನಿಕರ ಗುಂಡಿಗೆ ಇಬ್ಬರೂ ಸತ್ರು. ಎರ್ದುವ್ಯಾಂ ಸಾಯೋ ಮುಂಚೆ ಹೆಂಡತಿಗೆ ಒಂದು ಪತ್ರ ಬರೆದಿದ್ರು. ಆ ಹೆಣ್ಣುಮಗಳು ಸುಮ್ಮನೆ ಕೂರಲಿಲ್ಲ. ಯುದ್ಧ ಮುಗಿದ ಮೇಲೂ ಅಲೆದಾಡಿ, ಹೋರಾಡಿ, ಕೊನೆಗೆ 1926ರಲ್ಲಿ ನ್ಯಾಯಾಲಯದಿಂದ ಇಬ್ಬರ ಮೇಲಿದ್ದ ಕಳಂಕವನ್ನ ಅಳಿಸಿದ್ರು. ಹತ್ತು ವರ್ಷ. ಊರಿನ ಜಾಗದಲ್ಲಿ ಅವರ ನೆನಪಿನ ಕಲ್ಲು ಬರೋಕೆ ಇನ್ನೂ ಎಷ್ಟೋ ದಶಕ ಹಿಡೀತು. ಊರನ್ನ 'ಫ್ರಾನ್ಸ್‌ಗಾಗಿ ಸತ್ತದ್ದು' ಅಂತ ಕರೆಯೋಕೆ ಮುಂದಾದ ದೇಶಕ್ಕೆ, ಈ ಇಬ್ಬರ ಬಗ್ಗೆ ಆ ಮಾತು ಹೇಳೋಕೆ ಅಷ್ಟು ಹೊತ್ತು ಬೇಕಾಯ್ತು. ಪರಂಪರೆ ಅಂತ ನಾವು ಹೇಳ್ತೀವಲ್ಲ, ಅದರೊಳಗೆ ಇಂಥದ್ದೂ ಸೇರುತ್ತೆ.

ನೆಲ ಇನ್ನೂ ಕಥೆ ಹೊರಹಾಕ್ತಾನೇ ಇದೆ. 2013ರಲ್ಲಿ ಫ್ಲೂರಿಯ ಜಾಗದಲ್ಲಿ 26 ಫ್ರೆಂಚ್ ಸೈನಿಕರ ಅವಶೇಷ ಸಿಕ್ತು. 97 ವರ್ಷ ಮಣ್ಣಲ್ಲಿದ್ದವರು. ಕೆಲವರ ಮೈಮೇಲೆ ಗುರುತಿನ ಬಿಲ್ಲೆ ಇತ್ತು, ಹೆಸರು ಓದೋಕೆ ಆಯ್ತು. ಇತ್ತ ಬಾಂಬ್ ನಿಷ್ಕ್ರಿಯ ದಳದವರು ಇವತ್ತಿಗೂ ಈ ಭಾಗದಿಂದ ಸಿಡಿಯದ ಶೆಲ್‌ಗಳನ್ನ ಹೊರಗೆ ತೆಗೀತಾನೇ ಇದ್ದಾರೆ. ಗುರುತು ಮಾಡಿದ ದಾರಿ ಬಿಟ್ಟು ಕಾಡೊಳಗೆ ಇಳೀಬೇಡಿ ಅಂತ ಬರೋರಿಗೆ ಹೇಳೋದು ಅದಕ್ಕೇ.

ಈಗ ಮೊದಲೇ ನೆನಪಲ್ಲಿಡಿ ಅಂದಿದ್ದ ಮಾತಿಗೆ ಬರ್ತೀನಿ. ಯುದ್ಧ ಇಲ್ಲದಿದ್ರೆ ಫ್ಲೂರಿ ಯಾರಿಗೂ ಗೊತ್ತಿರ್ತಿರಲಿಲ್ಲ. ಬಹುಶಃ ಯುರೋಪಿನ ಎಷ್ಟೋ ಹಳ್ಳಿಗಳ ಹಾಗೆ ಯುವಕರು ಪಟ್ಟಣ ಸೇರಿ, ಶಾಲೆ ಮುಚ್ಚಿ, ಬೇಕರಿ ಮುಚ್ಚಿ, ಮೂವತ್ತೋ ನಲವತ್ತೋ ಜನ ಉಳಿದಿರ್ತಿದ್ರು. ಖರ್ಚು ಉಳಿಸೋಕೆ ಸಣ್ಣ ಕಮ್ಯೂನ್‌ಗಳನ್ನ ಒಂದಕ್ಕೊಂದು ಸೇರಿಸೋ ಕೆಲಸ ಫ್ರಾನ್ಸ್‌ನಲ್ಲಿ ಕೆಲವು ವರ್ಷಗಳಿಂದ ಜೋರಾಗಿ ನಡೀತಿದೆ. ಫ್ಲೂರಿಯ ಹೆಸರಲ್ಲೇ ಇರೋ ಪಕ್ಕದೂರು ದುವೊಮೋಂ ನೋಡಿ. ಅಲ್ಲಿ ಜೀವಂತ ಜನ ಇದ್ದಾರೆ, ಆದ್ರೆ 2019ರ ಜನವರಿ 1ರಿಂದ ಅದು ಸ್ವತಂತ್ರ ಕಮ್ಯೂನ್ ಅಲ್ಲ. ವೋ ಜೊತೆ ಸೇರಿ ದುವೊಮೋಂ-ವೋ ಆಗಿದೆ. ಜನ ಇರೋ ಊರಿನ ಸಾಲು ಪಟ್ಟಿಯಿಂದ ಹೋಯ್ತು. ಸೊನ್ನೆ ಜನರ ಫ್ಲೂರಿಯ ಸಾಲು ಹಾಗೇ ಇದೆ, ಹೆಸರಲ್ಲಿ 'ದುವೊಮೋಂ ಎದುರಿನ' ಅನ್ನೋ ಬಾಲದ ಸಮೇತ.

ಅಂಕಿ ಮಾತ್ರ ನೋಡೋನಿಗೆ ಇದು ತಮಾಷೆ ಅನ್ಸಬಹುದು. ನನಗೂ ಮೊದಲು ಹಾಗೇ ಅನ್ಸಿತ್ತು. ಆದ್ರೆ ಯೋಚನೆ ಮಾಡಿದಷ್ಟೂ, ಊರವರಿಗೆ ಆ ಸರ್ಕಾರ ಕೊಟ್ಟದ್ದರಲ್ಲಿ ಹಣಕ್ಕಿಂತ, ಬಿರುದಿಗಿಂತ, ಈ ಸೊನ್ನೆಯೇ ಹೆಚ್ಚು ಪ್ರಾಮಾಣಿಕ ಅನ್ಸ್ತಿದೆ. ಪರಿಹಾರದ ಚೆಕ್ ಹೇಳುತ್ತೆ, ಲೆಕ್ಕ ಚುಕ್ತಾ ಆಯ್ತು ಅಂತ. ಪ್ರತಿ ಜನಗಣತಿಯಲ್ಲೂ ಬರೆಯೋ ಸೊನ್ನೆ ಹೇಳುತ್ತೆ, ಇಲ್ಲ, ಚುಕ್ತಾ ಆಗಿಲ್ಲ ಅಂತ. ಪ್ರತಿ ವರ್ಷ ಹಳೇ ಮನೆತನಗಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಬಂದು ಆ ಪುಟ್ಟ ಮಂದಿರದ ಹತ್ರ ಸೇರ್ತಾರೆ. ಪೂಜೆ ಮುಗಿಸ್ತಾರೆ, ತಮ್ಮ ಮನೆ ಇದ್ದ ಕಡೆಗೆ ಒಂದು ಸುತ್ತು ನಡೀತಾರೆ, ಸಂಜೆಗೆ ವಾಪಸ್ ಹೋಗ್ತಾರೆ.

ಈ ಎಪಿಸೋಡ್ ಮಾಡ್ತೀನಿ ಅಂತ ಹಿಂದಿನ ವಾರ ಹೇಳಿದಾಗ ಕೆಲವರು ಕೇಳಿದ್ರಿ, ವರ್ಡನ್‌ನಲ್ಲಿ ನಮ್ಮವರೂ ಇದ್ರಾ ಅಂತ. ಇಲ್ಲ. ಬ್ರಿಟಿಷರ ಪರವಾಗಿ ಫ್ರಾನ್ಸ್‌ಗೆ ಹೋಗಿದ್ದ ಭಾರತೀಯ ಪದಾತಿ ದಳವನ್ನ 1915ರ ಕೊನೆಗೇ ಮೆಸೊಪೊಟೇಮಿಯಾ ಕಡೆ ಸಾಗಿಸಿದ್ರು. ಉಳಿದ ಅಶ್ವದಳ ಇದ್ದದ್ದು ಬೇರೆ ಕಡೆ. ವರ್ಡನ್ ಪೂರ್ತಿ ಫ್ರೆಂಚ್ ಸೇನೆಯ ಕದನ. ಆದ್ರೆ ಉತ್ತರ ಫ್ರಾನ್ಸ್‌ನಲ್ಲಿ ನವ್ ಶಪೆಲ್ ಅನ್ನೋ ಇನ್ನೊಂದು ಹಳ್ಳಿ ಇದೆ. 1915ರ ಮಾರ್ಚ್ 10ರಂದು ಅಲ್ಲಿ ಶುರುವಾದ ದಾಳಿಯಲ್ಲಿ ಭಾರತೀಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ರು. ಆ ಯುದ್ಧದಲ್ಲಿ ದೇಹವೂ ಸಿಗದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿರೋ ಸ್ಮಾರಕ ಅಲ್ಲಿದೆ. 1927ರಲ್ಲಿ ಉದ್ಘಾಟನೆಯಾಯ್ತು. ವಿನ್ಯಾಸ ಮಾಡಿದ್ದು ಹರ್ಬರ್ಟ್ ಬೇಕರ್, ದೆಹಲಿಯ ಸೆಕ್ರೆಟೇರಿಯಟ್ ಕಟ್ಟಡಗಳನ್ನ ರೂಪಿಸಿದ ಅದೇ ಬೇಕರ್. ಮುಂದಿನ ಎಪಿಸೋಡ್ ಆ ಹಳ್ಳಿ ಬಗ್ಗೆ. ಅಲ್ಲಿ ಜನ ವಾಸ ಇದ್ದಾರೆ, ಹಾಗಾಗಿ ಎಕ್ಸೆಲ್ ಶೀಟ್‌ನಲ್ಲಿ ಹುಡುಕೋಕೆ ಸ್ವಲ್ಪ ಕೆಳಗೆ ಸ್ಕ್ರಾಲ್ ಮಾಡಬೇಕು. ಸಿಗೋಣ, ನಮಸ್ಕಾರ.